ಗೆರೆ ಯಾವ ಕಡೆ

ನಾಳೆ ಬೆಳಿಗ್ಗೆ ಊರು ಬಿಡುವವಳ ಮುಂದೆ ನಿಂತು ಆ ಮನುಷ್ಯ ಕೇಳಿದ್ದು ಸ್ಪೀಕರ್ ವೈರು.

"ಕಡಿಮೆ ದರದ್ದು ಯಾವುದಾದ್ರೂ ಇದ್ರೆ ಕೊಡ್ರೀ," ಎಂದ ಡಾನ್ಸ್ ಮೇಷ್ಟ್ರು. "ಸ್ಪೀಕರ್‌ಗಳನ್ನ ಹಾಲ್‌ನ ಆ ಕಡೆ ಮೂಲೆಗಳಿಗೆ ಇಡ್ತಿದ್ದೀನಿ. ಈಗಿರೋ ಕಡೆ ಮಕ್ಕಳು ಕುಣಿಯೋವಾಗ ಎಡವ್ತಾರೆ."

ಅವಳಿಗೆ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಎತ್ತಿ ಅವನ ಮೇಲೆ ಎಸೆಯಬೇಕು ಅನ್ನಿಸಿತು. ಇವತ್ತಾದರೂ ಬಾಯಿ ಬಿಡುತ್ತಾನೆ ಎಂದು ಬೆಳಿಗ್ಗೆಯಿಂದ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಅವನು ಬಂದ, ಬಾಯಿಯನ್ನೂ ಬಿಟ್ಟ.

ಆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಅವಳ ಚಿಕ್ಕಪ್ಪನದು. ಅವರಿಗೀಗ ಏಣಿ ಹತ್ತಿ ಬಲ್ಬು ಇಳಿಸಲು ಮಂಡಿ ಬಿಡುತ್ತಿರಲಿಲ್ಲ. ಅಂಗಡಿ ಮುಚ್ಚುವುದು, ಇವಳು ದೂರದ ಊರಿನ ಅಕ್ಕನ ಮನೆಗೆ ಹೋಗುವುದು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದರು. ಅಕ್ಕ ಅಲ್ಲೊಂದು ಕೆಲಸವನ್ನೂ ನೋಡಿಟ್ಟಿದ್ದಳು. ನಿನಗೆ ಇಷ್ಟವೇ ಎಂದು ಇವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ತಾನೇ ಏನು ಹೇಳುತ್ತಿದ್ದಳು? ಎದುರು ಮಹಡಿಯಲ್ಲಿ ಡಾನ್ಸ್ ಕಲಿಸುವವನೊಬ್ಬನಿದ್ದಾನೆ, ಅವನೇನೂ ಹೇಳಿಲ್ಲ, ಆದರೂ ನಾನು ಇಲ್ಲೇ ಇರುತ್ತೇನೆ ಎಂದೇ?

ಕೇಳಿದವನು ಒಬ್ಬನೇ, ಇವನೇ. "ಹೋಗೋದು ಖುಷೀನಾ?" ಎಂದಿದ್ದ ಹೋದ ವಾರ. ಹಾಳು ಸ್ವಾಭಿಮಾನ ಅಡ್ಡ ಬಂತು. "ಖುಷಿಯಾಗದೆ ಏನು ಮೇಷ್ಟ್ರೇ, ಈ ಅಂಗಡಿ ಸಾಕಾಗಿದೆ, ಯಾವಾಗ ಬಸ್ ಹತ್ತುತೀನೋ ಅಂತಿದೀನಿ," ಎಂದು ನಕ್ಕುಬಿಟ್ಟಿದ್ದಳು. ಅವತ್ತಿನಿಂದ ಅವನು ಅಂಗಡಿಯ ಕಡೆ ತಲೆ ಹಾಕಿರಲಿಲ್ಲ.

"ಇದು ಹೇಗೆ?" ಅವನು ಗಾಜಿನ ಬೀರುವಿನಲ್ಲಿದ್ದ ಬಂಗಾರದ ಬಣ್ಣದ ಡಬ್ಬಿ ತೋರಿಸಿದ.

"ಅದು ಬರೀ ಡಬ್ಬಿ ಚಂದ. ನಿಮ್ಮ ಸ್ಪೀಕರ್‌ಗೆ ಮಾಮೂಲಿ ಎರಡೆಳೆ ತಾಮ್ರದ ವೈರೇ ಸಾಕು."

"ಇದಿನ್ನೂ ಸಸ್ತಾ ಅಲ್ವಾ?" ಮೂಲೆಯಲ್ಲಿದ್ದ ಸುರುಳಿಯೊಂದನ್ನು ಎತ್ತಿಕೊಂಡ.

ಅವಳು ಅದರ ತುದಿಯನ್ನು ಉಗುರಿನಿಂದ ಕೆರೆದಳು. ಕೆಂಪಗಿದ್ದ ಎಳೆಯೊಳಗಿಂದ ಬಿಳಿ ಇಣುಕಿತು. "ನೋಡಿ, ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಬಣ್ಣ. ಹೊರಗೊಂದು, ಒಳಗೊಂದು. ಕೆಲವು ಮನುಷ್ಯರ ಹಾಗೆ."

ಅವನು ಅವಳ ಬೆರಳನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದ ಕೂಡಲೇ ಫ್ಯಾನಿನ ಕಡೆ ನೋಡಿದ.

"ನಿಮ್ಮ ಹಾಲ್ ಉದ್ದ ಇದೆ," ಎಂದಳು. "ತೀರಾ ಸಣ್ಣದು ಬೇಡ, ಒಂದು ನಂಬರ್ ದಪ್ಪಂದು ಕೊಡ್ತೀನಿ. ವೈರಿನಲ್ಲಿ ಜಿಪುಣತನ ಮಾಡಬಹುದು ಮೇಷ್ಟ್ರೇ, ದಪ್ಪದಲ್ಲಿ ಮಾತ್ರ ಮಾಡಬಾರದು."

ಕಪ್ಪು-ಕೆಂಪು ವೈರು ಕೈಗೆಟುಕುವಂತಿತ್ತು. ಅದನ್ನು ಕೊಟ್ಟರೆ ಬಣ್ಣ ನೋಡಿ ಚಿಕ್ಕ ಮಕ್ಕಳೂ ಸರಿಯಾಗಿ ಹಾಕಬಹುದು. ಅವಳು ಅದನ್ನು ಬಿಟ್ಟು ಪಾರದರ್ಶಕ ವೈರು ಇಳಿಸಿದಳು. ಅದರಲ್ಲಿ ಎರಡು ಎಳೆಗಳೂ ನೋಡಲು ಒಂದೇ. ಒಂದರ ಮೇಲೆ ಮಾತ್ರ ಕಂಡೂ ಕಾಣದಂಥ ಗೆರೆಯಿರುತ್ತದೆ. ಎರಡು ಸ್ಪೀಕರ್‌ಗಳಲ್ಲಿ ಒಂದಕ್ಕೆ ಪ್ಲಸ್ಸು-ಮೈನಸ್ಸು ಉಲ್ಟಾ ಹಾಕಿದರೆ ತಾಳದ ಗುದ್ದು ಕರಗಿ, ಹಾಡುವವರ ದನಿ ಎಲ್ಲಿಂದಲೋ ಬಂದಂತೆ ಕೇಳುತ್ತದೆ. ಗಿರಾಕಿ ಯಾರೇ ಇರಲಿ, ಗೆರೆ ಯಾವ ಕಡೆ ಎಂದು ಎರಡೆರಡು ಸಲ ಹೇಳಿ ಕಳಿಸುವವಳು ಅವಳು.

ಇವತ್ತು ಹೇಳಲಿಲ್ಲ. ತಪ್ಪು ಹಾಕಲಿ. ಹಾಡು ಕೆಡಲಿ. ಕಿಟಕಿಯಿಂದ ಬಗ್ಗಿ, "ಸ್ವಲ್ಪ ಬಂದು ನೋಡ್ರೀ," ಎನ್ನಲಿ. ಅಷ್ಟು ಸಾಕಿತ್ತು ಅವಳಿಗೆ.

ಅವನು ವೈರು ತೆಗೆದುಕೊಂಡ. ಬಾಗಿಲವರೆಗೆ ಹೋಗಿ ನಿಂತ.

"ಹುಷಾರಾಗಿ ಹೋಗ್ಬನ್ನಿ," ಎಂದ.

ಬನ್ನಿಯಂತೆ. ಎಲ್ಲಿಗೆ ಬರುವುದು? ಅವಳು ಕೌಂಟರಿನ ಕೆಳಗೆ ಕೂತು ಏನನ್ನೋ ಹುಡುಕುವವಳ ಹಾಗೆ ಅತ್ತಳು.

ಸಂಜೆ ಅವಳೂ ಚಿಕ್ಕಪ್ಪನೂ ಉಳಿದ ಸಾಮಾನು ಕಟ್ಟುತ್ತಿದ್ದಾಗ ಎದುರು ಮಹಡಿಯಲ್ಲಿ ಹಾಡು ಶುರುವಾಯಿತು. ಅವಳು ಉಸಿರು ಬಿಗಿಹಿಡಿದು ಕೇಳಿದಳು. ತಾಳ ಎದೆಗೆ ಗುದ್ದುವಷ್ಟು ಗಟ್ಟಿಯಾಗಿತ್ತು. ದನಿ ಸ್ಪಷ್ಟವಾಗಿತ್ತು. ಎಲ್ಲ ಸರಿಯಾಗಿಯೇ ಹಾಕಿದ್ದ, ಪಾಪಿ.

ಇದ್ದೊಂದು ಆಸೆಯೂ ಮಣ್ಣುಪಾಲಾಯಿತು. ಖಾಲಿ ಕಪಾಟುಗಳನ್ನು ನೋಡಲಾರದೆ ಅವಳು ಬಟ್ಟೆ ಹಿಡಿದು ಕೌಂಟರನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮಕ್ಕಳ ಕ್ಲಾಸು ಮುಗಿಯಿತು. ಚಪ್ಪಲಿಗಳ ಗಲಾಟೆ ಬೀದಿಯ ತಿರುವಿನವರೆಗೆ ಹೋಗಿ ನಿಂತಿತು.

ಆಮೇಲೆ ಅದೇ ಹಾಡು ಮತ್ತೆ ಬಂತು. ಆದರೆ ಈ ಸಲ ತಾಳದಲ್ಲಿ ಜೀವವಿರಲಿಲ್ಲ, ಹಾಡುವವಳು ಬಾವಿಯೊಳಗೆ ಬಿದ್ದಂತಿತ್ತು.

"ಏನಾಯ್ತೋ ಇವನ ಪೆಟ್ಟಿಗೆಗೆ," ಎಂದರು ಚಿಕ್ಕಪ್ಪ.

ಅವಳು ಬಟ್ಟೆ ಬಿಸಾಡಿ ರಸ್ತೆ ದಾಟಿದಳು, ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಅವನು ಸ್ಪೀಕರ್ ಪಕ್ಕ ನೆಲದ ಮೇಲೆ ಕೂತಿದ್ದ. ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು.

"ಉಲ್ಟಾ ಹಾಕಿದೀರಿ," ಎಂದಳು, ಏದುಸಿರಿನಲ್ಲೇ.

"ಗೊತ್ತು."

"ಆಗಲೇ ಸರಿ ಇತ್ತಲ್ಲ?"

"ಇತ್ತು. ಈಗ ನಾನೇ ತಿರುಗಿಸಿದೆ." ಅವನು ನೆಲ ನೋಡಿಕೊಂಡೇ ಹೇಳಿದ. "ಕರೆಯೋಕೆ ಬಾಯಿ ಬರಲಿಲ್ಲ. ಕೆಟ್ಟದಾಗಿ ಕೇಳಿಸಿದ್ರೆ ನಿಮಗೆ ತಡ್ಕೊಳ್ಳೋಕಾಗಲ್ಲ, ಬೈಯೋಕಾದ್ರೂ ಬರ್ತೀರ ಅಂತ."

ಅವಳಿಗೆ ನಗು ಬಂತು, ಅಳುವೂ ಬಂತು. ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತಳು. "ಗೆರೆ ಯಾವ ಕಡೆ ಅಂತ ನಾನು ಬೇಕಂತಲೇ ಹೇಳಲಿಲ್ಲ, ಮೇಷ್ಟ್ರೇ. ನೀವು ತಪ್ಪು ಮಾಡಿ ಕರೀಲಿ ಅಂತ."

ಅವನು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. ನೋಟ ಕೀಳಲಿಲ್ಲ. "ಮತ್ತೆ ಬಸ್ ಹತ್ತೋದು ಖುಷಿ ಅಂದ್ರಿ?"

"ಸುಳ್ಳು ಹೇಳಿದೆ. ನೀವ್ಯಾಕೆ ನಂಬಿದ್ರಿ?"

"ನಿಮ್ಮ ಅಂಗಡೀಲಿ ನೀವು ಹೇಳಿದ್ದನ್ನ ಯಾವತ್ತು ನಂಬಿಲ್ಲ ನಾನು?"

ಅವಳಿಗೆ ಜಗಳವಾಡಲು ತ್ರಾಣವಿರಲಿಲ್ಲ. "ನೋಡಿ, ಮನೇಲಿ ಸೂಟ್‌ಕೇಸ್ ರೆಡಿ ಇದೆ. ನಾಳೆ ಹೋದ್ರೆ ನಾನು ವಾಪಸ್ ಬರೋಳಲ್ಲ. ನಿಮಗೆ ಹೇಳೋದಿದ್ರೆ ಈಗಲೇ ಹೇಳಿಬಿಡಿ. ಇಲ್ಲದಿದ್ರೆ ಇಲ್ಲ ಅನ್ನಿ, ಅದನ್ನಾದ್ರೂ ತಗೊಂಡು ಹೋಗ್ತೀನಿ."

ಅವನ ತುಟಿ ಅಲುಗಿತು. ಮಕ್ಕಳಿಗೆ ಇಡೀ ದಿನ ಗಂಟಲು ಹರಿಯುವಂತೆ ಕೂಗಿ ಹೇಳಿಕೊಡುವವನಿಂದ ಪಿಸುಮಾತಷ್ಟೇ ಹೊರಟಿತು.

"ಹೋಗಬೇಡಿ."

"ಏನಂದ್ರಿ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದು ಸಲ ಅನ್ನಿ."

"ಹೋಗಬೇಡ," ಎಂದ. ಈ ಸಲ ದನಿ ಒಡೆದಿತ್ತು. "ನೀನಿಲ್ಲದ ಆ ಅಂಗಡಿ ಕಡೆ ನೋಡ್ಕೊಂಡು ನಾನು ಹೇಗೆ ಬದುಕಲಿ?"

ಅವಳು ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದು ಪಕ್ಕಕ್ಕಿಟ್ಟಳು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಕೆಳಗಿನಿಂದ ಚಿಕ್ಕಪ್ಪ ಕೂಗಿದರು. "ಮಗಾ, ಹೊತ್ತಾಯ್ತು, ಮನೆಗೆ ಹೊರಡೋದಲ್ವಾ?"

ಅವಳು ಕಿಟಕಿಯಲ್ಲಿ ತಲೆ ಹಾಕಿದಳು. "ಚಿಕ್ಕಪ್ಪ, ನಾನು ನಾಳೆ ಹೋಗಲ್ಲ."

ಚಿಕ್ಕಪ್ಪ ಅವಳನ್ನು ನೋಡಿದರು, ಹಿಂದೆ ಬಂದು ನಿಂತವನನ್ನೂ ನೋಡಿದರು. "ಸರಿ," ಎಂದರು. "ಆದ್ರೆ ನಿಮ್ಮಕ್ಕಂಗೆ ನೀನೇ ಫೋನ್ ಮಾಡು. ಈ ವಯಸ್ಸಲ್ಲಿ ಬೈಸ್ಕೊಳ್ಳೋ ಶಕ್ತಿ ನನಗಿಲ್ಲ."

ಅವಳು ಅಲ್ಲೇ ನಿಂತು ಫೋನ್ ಮಾಡಿದಳು. ಆ ಕಡೆ ಅಕ್ಕ ಎತ್ತಿದವಳೇ, ಎಲ್ಲ ಪ್ಯಾಕ್ ಆಯ್ತಾ, ಚಾದರ ಇಟ್ಕೊಂಡ್ಯಾ ಎಂದು ಒಂದೇ ಸಮನೆ ಕೇಳತೊಡಗಿದಳು. ಇವಳಿಗೆ ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ.

ಅವನು ಅವಳ ಕೈಯಿಂದ ಫೋನ್ ತೆಗೆದುಕೊಂಡ.

"ನಮಸ್ಕಾರ, ನಾನು ಅಂಗಡಿ ಎದುರು ಮಹಡಿಯವನು ಮಾತಾಡ್ತಿರೋದು," ಎಂದ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನಿಮ್ಮ ತಂಗೀನ ನಾನು ಕಳಿಸಲ್ಲ."