ಕೆಲಸ ಸಿಕ್ಕಿಲ್ಲ ಅಂತ ಹೇಳುವ ದಿನ

"ಪುಷ್ಪಾ, ನಿಂಗೆ ಕೆಲ್ಸ ಸಿಕ್ಕೈತಂತಲ್ಲ. ಮತ್ತೆ ಯುವನಿಧಿಗೆ ಯಾಕ್ ಬಂದೆ?"

ಬೆಳಗೋಡಿನ ಕಂಪ್ಯೂಟರ್ ಸೆಂಟರಿನ ಮೋಹನ್ ಕೀಬೋರ್ಡಿನಿಂದ ಕೈ ತೆಗೆದು ಕೇಳಿದ. ಹಿಂದೆ ಸಾಲಿನಲ್ಲಿದ್ದ ಏಳೆಂಟು ಜನ ಕತ್ತು ಉದ್ದ ಮಾಡಿದರು. ಅಕ್ಕ ಪುಷ್ಪಾಳ ಪಕ್ಕ ನಿಂತಿದ್ದ ಐದನೇ ಕ್ಲಾಸಿನ ನೇತ್ರಾ ಮೆಲ್ಲಗೆ ಅವಳ ಹಿಂದೆ ಸರಿದಳು.

"ಯಾರಣ್ಣ ಹೇಳಿದ್ದು?" ಎಂದಳು ಅಕ್ಕ.

"ನನ್ ಮಗಳು. ಎಸ್ಟೇಟಲ್ಲಿ ರೈಟರ್ ಆಗಿದೀಯಂತೆ, ಆಳುಗಳ ಹಾಜರಿ ಬರೀತೀಯಂತೆ. ನೋಡವ್ವ, ಡಿಗ್ರಿ ಆದೋರ್ಗೆ ತಿಂಗ್ಳಿಗೆ ಮೂರು ಸಾವಿರ, ಡಿಪ್ಲೊಮಾದೋರ್ಗೆ ಒಂದೂವರೆ. ಪಾಸಾಗಿ ಆರು ತಿಂಗ್ಳಾದ್ರೂ ಕೆಲ್ಸ ಸಿಗದೋರ್ಗೆ ಮಾತ್ರ, ಅದೂ ಎರಡೇ ವರ್ಷ. ಮಧ್ಯ ಕೆಲ್ಸ ಸಿಕ್ರೆ ನಿಂತೋಯ್ತದೆ. ಸುಳ್ಳು ಘೋಷಣೆಗೆ ನಾನ್ ಕ್ಲಿಕ್ ಮಾಡಲ್ಲ."

ಮೋಹನನ ಮಗಳು ನೇತ್ರಾಳ ಕ್ಲಾಸೇ. ಹೋದ ವಾರ ಬಿಸಿಯೂಟದ ಹೊತ್ತಿಗೆ ಆ ಹುಡುಗಿ, "ನಿಮ್ಮಕ್ಕ ಅಷ್ಟು ಓದಿ ಮನೇಲೇ ಕೂತವಳಂತೆ" ಎಂದು ಎಲ್ಲರನ್ನೂ ನಗಿಸಿದ್ದಳು. ನೇತ್ರಾಳಿಗೆ ಸಿಟ್ಟು ನೆತ್ತಿಗೇರಿತ್ತು. ಮಹಾರಾಯ್ತಿ ನೇತ್ರಾ ನಿಂತ ನಿಲುವಿನಲ್ಲೇ, ಬರೀ ಬಾಯಿಮಾತಲ್ಲಿ, ಅಕ್ಕನಿಗೆ ರೈಟರ್ ಕೆಲಸ ಕೊಡಿಸಿಬಿಟ್ಟಿದ್ದಳು. ಪುಣ್ಯಕ್ಕೆ ಸಂಬಳ ಎಷ್ಟೆಂದು ಮಾತ್ರ ಹೇಳಿರಲಿಲ್ಲ.

ಇವತ್ತೇ ಕೊನೇ ದಿನ. ಕೆಲಸ ಸಿಕ್ಕಿಲ್ಲವೆಂಬ ಘೋಷಣೆ ಹೋಗದಿದ್ದರೆ ದುಡ್ಡು ನಿಲ್ಲುತ್ತದೆ. ಆ ದುಡ್ಡಿನಲ್ಲೇ ಅಕ್ಕ ಕೆಲಸದ ಪರೀಕ್ಷೆಗಳಿಗೆ ಫೀಸು ಕಟ್ಟುತ್ತಿದ್ದಳು, ಹಾಸನದ ಬಸ್ಸು ಹತ್ತುತ್ತಿದ್ದಳು.

ಅಕ್ಕ ತಂಗಿಯ ಮುಖ ನೋಡಿದಳು. ನೋಡಿದೊಡನೆ ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ಆದರೂ ಬೈಯಲಿಲ್ಲ, ತಂಗಿಯ ಹೆಸರು ಎತ್ತಲಿಲ್ಲ.

"ಇಲ್ಲಣ್ಣ, ನಂಗೆ ಎಲ್ಲೂ ಕೆಲ್ಸ ಸಿಕ್ಕಿಲ್ಲ." ಅವಳ ದನಿ ಸಣ್ಣಗಾಗಿತ್ತು.

"ಎಲ್ರೂ ಹಂಗೇ ಅಂತಾರೆ ಬುಡು" ಎಂದಳು ಸಾಲಿನಲ್ಲಿದ್ದ ನಂಜಮ್ಮ. ಯಾರೋ ಕಿಸಕ್ಕೆಂದರು.

ನೇತ್ರಾಳಿಗೆ ಓಡಿಹೋಗಬೇಕೆನ್ನಿಸಿತು. ಆದರೆ ಅಕ್ಕ ತಲೆ ತಗ್ಗಿಸಿ ನಿಂತಿದ್ದಳು.

"ಅಂಕಲ್, ಅದು ನಾನ್ ಹೇಳಿದ್ ಸುಳ್ಳು. ಸ್ಕೂಲಲ್ಲಿ ಎಲ್ರೂ ನಕ್ರು, ಅದ್ಕೆ ಹೇಳ್ಬುಟ್ಟೆ. ನಮ್ಮಕ್ಕಂಗೆ ಕೆಲ್ಸ ಸಿಕ್ಕಿಲ್ಲ."

ಮೋಹನ್ ಅವಳನ್ನು ನೋಡಿದ, ನಂಜಮ್ಮನನ್ನೂ ನೋಡಿದ.

"ನಿನ್ ಬಾಯಿಗೊಂದು ಬೀಗ ಹಾಕ್ಬೇಕು ಕಣವ್ವ" ಎಂದು ನೇತ್ರಾಳಿಗೆ ಹೇಳಿ ಮತ್ತೆ ಕಂಪ್ಯೂಟರಿಗೆ ತಿರುಗಿದ. "ಪುಷ್ಪಾ, ಓಟಿಪಿ ಬಂತಾ? ಹೇಳು."

ಹೊರಗೆ ಬಂದು ಇಬ್ಬರೂ ಬಸ್‌ಸ್ಟ್ಯಾಂಡಿನತ್ತ ನಡೆದರು.

"ಅಕ್ಕಾ, ಪ್ರತಿ ಸಲಾನೂ ಎಲ್ರ ಮುಂದೆ ಹಿಂಗೇ ಹೇಳ್ಬೇಕಾ?"

"ಹೂಂ."

"ಎಷ್ಟು ಸಲ ಹೇಳಿದೀಯ?"

"ಎಣಿಸಿಲ್ಲ ಕಣೆ."

ತಾನು ಎಲ್ಲರ ಮುಂದೆ 'ಕೆಲ್ಸ ಸಿಕ್ಕಿಲ್ಲ' ಅಂದದ್ದು ಒಂದೇ ಸಲ. ಅಷ್ಟಕ್ಕೇ ನೇತ್ರಾಳ ಕಿವಿ ಇನ್ನೂ ಸುಡುತ್ತಿತ್ತು.