ದಿಂಬಿನ ಬಾಯಿ ಗೋಡೆಯ ಕಡೆಗೆ

ದೂರು ಬಂದದ್ದು ನವೆಂಬರ್ ಮೊದಲ ವಾರದ ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ದೂರುದಾರ ಆರ್ವಿಲ್ ಸ್ಟ್ರೇಹಾರ್ನ್, ವಯಸ್ಸು ಎಪ್ಪತ್ತೊಂದು. ಟಾಲಿವರ್ ಕೌಂಟಿಯ ಶೆರಿಫ್ ಕಚೇರಿಯಲ್ಲಿ ಮೇಜಿಗೆ ಎರಡೂ ಕೈ ಊರಿ ನಿಂತ ಮುದುಕನಿಗೆ ಕಳ್ಳತನಕ್ಕಿಂತ ಕಳ್ಳನ ನಡತೆಯೇ ಹೆಚ್ಚು ಸಿಟ್ಟು ತರಿಸಿದಂತಿತ್ತು.

"ನನ್ನ ಬೇಟೆ ಕ್ಯಾಬಿನ್ನಿನ ಬೀಗ ಒಡೆದಿದ್ದಾರೆ ವರ್ನೆಲ್. ಬೀನ್ಸ್ ಡಬ್ಬಿ ಎಲ್ಲಾ ಖಾಲಿ. ಹೋಗ್ಲಿ ಅಂದ್ರೆ, ನನ್ನ ಕಬ್ಬಿಣದ ಬಾಣಲೇನ ಸೋಪು ಹಾಕಿ ತೊಳೆದಿಟ್ಟಿದ್ದಾರೆ! ಇಪ್ಪತ್ತು ವರ್ಷದ ಎಣ್ಣೆ ಕೂತಿತ್ತು ಅದಕ್ಕೆ. ತೊಳೀರಿ ಅಂತ ಯಾರು ಹೇಳಿದ್ರು ಇವರಿಗೆ?"

ಡಿಟೆಕ್ಟಿವ್ ವರ್ನೆಲ್ ಪ್ರೂಯಿಟ್ ಬಾಣಲೆಯನ್ನೂ ಬರೆದುಕೊಂಡರು. ಐವತ್ತು ದಾಟಿದ ಹೆಂಗಸು. ಎಡ ಮೊಣಕಾಲು ನೋವು, ಮೂರು ವಾರದಿಂದ ರಜೆಯ ಮುಖ ಕಂಡಿರಲಿಲ್ಲ. ಕಾಡಿನ ಹಳ್ಳದ ದಡದಲ್ಲಿ ಹೀಗೆ ಬೀಗ ಒಡೆದದ್ದು ಇದು ಮೂರನೆಯ ಕ್ಯಾಬಿನ್.

"ಶನಿವಾರ ಜಿಂಕೆ ಬೇಟೆ ಶುರು. ಎಲ್ಲಾರೂ ಬಂದೂಕು ತಗೊಂಡು ಬರ್ತಾರೆ. ಅಷ್ಟರೊಳಗೆ ನೀನು ಹಿಡೀದಿದ್ರೆ ನಾವೇ ನೋಡ್ಕೋತೀವಿ."

"ಆ ಮಾತು ನನಗೆ ಕೇಳಿಸ್ಲಿಲ್ಲ ಆರ್ವಿಲ್."

"ಕಿವಿ ಹತ್ರ ಬಂದು ಹೇಳ್ಲಾ?"

ಮುದುಕ ತಮಾಷೆ ಮಾಡುತ್ತಿರಲಿಲ್ಲ. ಕತ್ತಲಲ್ಲಿ ತನ್ನ ಕ್ಯಾಬಿನ್ನಿನಿಂದ ಅಪರಿಚಿತನೊಬ್ಬ ಹೊರಬಂದರೆ ಆ ದಡದ ಯಾವನೂ ಮೊದಲು ಹೆಸರು ಕೇಳುವವನಲ್ಲ. ಶನಿವಾರದೊಳಗೆ ಕಳ್ಳ ಸಿಗದಿದ್ದರೆ ಈ ಪ್ರಕರಣ ಕೊಲೆಯ ಪ್ರಕರಣವಾಗುವುದು ವರ್ನೆಲ್‌ಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಸ್ಥಳ ಪರಿಶೀಲನೆ. ಜೊತೆಗೆ ಕೆಲಸಕ್ಕೆ ಹೊಸದಾಗಿ ಸೇರಿದ ಡೆಪ್ಯುಟಿ ಕೀನನ್ ಟಬ್ಸ್. ಬಾಗಿಲ ಹಿಡಿಯ ಬೆರಳಚ್ಚು ಯಾವ ದಾಖಲೆಗೂ ತಾಳೆಯಾಗಲಿಲ್ಲ. ಒಳಗೆ ನೆಲ ಗುಡಿಸಿತ್ತು. ಗೋಡೆಗೆ ಅಂಟಿದ ಎರಡಂತಸ್ತಿನ ಮಂಚದಲ್ಲಿ ಮೇಲಿನ ಹಾಸಿಗೆಯ ಕಂಬಳಿಗೆ ಒಂದು ಸುಕ್ಕಿರಲಿಲ್ಲ, ಮೂಲೆಗಳನ್ನು ಓರೆಯಾಗಿ ಮಡಚಿ ಸಿಗಿಸಿದ್ದರು. ಕೆಳಗಿನದೂ ಹಾಗೆಯೇ, ಆದರೆ ಒರಟೊರಟಾಗಿ.

"ಹಾಸಿಗೆ ಸರಿಮಾಡಿ ಹೋಗೋ ಕಳ್ಳನ್ನ ನಾನು ಕೇಳೇ ಇಲ್ಲ ಮೇಡಂ."

"ನಮ್ಮನೇಲಂತೂ ಯಾರೂ ಮಾಡಲ್ಲ. ಕಳ್ಳನಾದ್ರೂ ಮಾಡ್ಲಿ ಬಿಡು. ಫೋಟೋ ತೆಗಿ."

ಕಂಬಳಿಯ ಮೂಲೆಯನ್ನು ಹಾಗೆ ಮಡಚುವುದು ಸೈನ್ಯದವರ ರೂಢಿ. ಬುಧವಾರ ಆ ಫೋಟೋಗಳನ್ನು ಹಿಡಿದು ವರ್ನೆಲ್ ಕೆಡೆಟ್ ಅಕಾಡೆಮಿಗೆ ಹೋದರು. ಶಾಲೆ ಬಿಟ್ಟು ದಾರಿ ತಪ್ಪುತ್ತಿರುವ ಹದಿನಾರು ಹದಿನೇಳರ ಮಕ್ಕಳನ್ನು ಐದು ತಿಂಗಳು ಅಲ್ಲೇ ಇರಿಸಿಕೊಂಡು, ತಲೆ ಬೋಳಿಸಿ, ಸೈನ್ಯದ ಶಿಸ್ತಿನಲ್ಲಿ ಓದಿಸುವ ಜಾಗ. ಮೂರನೇ ತುಕಡಿಯ ಸಾರ್ಜೆಂಟ್ ಮೊಜೆಲ್ ಹಿಕ್ಸ್ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಈಗಿರೋ ಮಕ್ಕಳು ಎಲ್ಲಾ ಇಲ್ಲೇ ಇದ್ದಾರೆ. ಬೆಳಿಗ್ಗೆ ಹಾಜರಿ ತಗೊಂಡಿದ್ದೀನಿ."

"ಹಳಬರು?"

ಹಿಕ್ಸ್ ಫೋಟೋವನ್ನು ಕಣ್ಣಿನ ಹತ್ತಿರ ತಂದಳು. "ದಿಂಬಿನ ಬಾಯಿ, ಚೀಲದ ತೆರೆದ ತುದಿ, ಗೋಡೆ ಕಡೆಗಿದೆ. ಮಿಕ್ಕ ತುಕಡಿಯವರು ಕಾಲಿನ ಕಡೆಗಿಡ್ತಾರೆ. ಗೋಡೆ ಕಡೆ ಇಡಿ ಅಂತ ನಾನು ಹಟ ಹಿಡಿದಿದ್ದು ಈ ವರ್ಷದಿಂದ. ಅಂದ್ರೆ ಜೂನಲ್ಲಿ ಮುಗಿಸಿದೋರು."

"ಅವರಲ್ಲಿ ನಮ್ಮ ಕೌಂಟಿಯವರು ಯಾರು?"

"ಒಬ್ಬನೇ. ಕೋಲ್ಬಿ ಯಾನ್ಸಿ. ಈಗ ಹದಿನೆಂಟಾಗಿರುತ್ತೆ." ಅವಳು ಫೋಟೋದಲ್ಲಿ ಕೆಳಗಿನ ಹಾಸಿಗೆಯ ಮೇಲೆ ಬೆರಳಿಟ್ಟಳು. "ಇದು ನಮ್ಮೋರ ಕೈಯಲ್ಲ. ಮೊದಲ ವಾರದ ಕೈ. ಯಾರೋ ಇನ್ನೂ ಕಲೀತಿದ್ದಾರೆ. ಅವನಿಗೊಬ್ಬಳು ತಂಗಿ ಇದ್ದಾಳೆ, ಜುನಿ. ಮನೆಯವರು ನೋಡೋಕೆ ಬರೋ ದಿನ ಮೈದಾನದಲ್ಲಿ ಅವಳಿಗೆ ಲೆಫ್ಟ್ ರೈಟ್ ಹೇಳಿಕೊಡ್ತಿದ್ದ."

"ಹುಡುಗ ಹೇಗೆ?"

"ಒಳ್ಳೆಯವನು. ಇಲ್ಲಿಂದ ಹೋಗೋವಾಗ ಎಲ್ಲಾರೂ ಒಳ್ಳೆಯವರೇ ಮೇಡಂ. ಐದು ತಿಂಗಳು ತಿದ್ದಿ ತೀಡ್ತೀವಿ. ಆಮೇಲೆ ಎಲ್ಲಿಂದ ಬಂದ್ರೋ ಅದೇ ಮನೆಗೆ ವಾಪಸ್ ಕಳಿಸ್ತೀವಿ."

ಅದೇ ಸಂಜೆ ಆ ಮನೆಯ ಕದ ತಟ್ಟಿದಾಗ ತಾಯಿ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಳು.

"ಜುನಿ ಎಲ್ಲಿ?"

"ನಮ್ಮಕ್ಕನ ಮನೇಲಿ."

"ಅಕ್ಕನ ಊರು ಯಾವುದು?"

ಒಳಗಿನಿಂದ ಗಂಡಸೊಬ್ಬ "ಯಾರೇ ಅದು?" ಎಂದು ಗದರಿದ. ಬಾಗಿಲು ಮುಚ್ಚಿತು. ಮರುದಿನ ಬೆಳಿಗ್ಗೆ ಶಾಲೆಗೆ ಫೋನ್ ಮಾಡಿ ವಿಚಾರಿಸಿದರೆ, ಜುನಿ ತಿಂಗಳಿಂದ ತರಗತಿಗೆ ಬಂದಿರಲಿಲ್ಲ, ಯಾರೂ ಕೇಳಿಕೊಂಡು ಬಂದಿರಲೂ ಇಲ್ಲ. ಒಂಬತ್ತು ವರ್ಷದ ಮಗು ಕಾಣೆಯಾಗಿ ತಿಂಗಳಾದರೂ ಒಂದು ದೂರಿಲ್ಲ. ವರ್ನೆಲ್‌ಗೆ ಸಿಟ್ಟು ಬಂತು, ಆದರೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯಪಡುವ ವಯಸ್ಸನ್ನು ಅವರು ಎಂದೋ ಕಳೆದಿದ್ದರು.

ಗುರುವಾರವಿಡೀ ಹಳ್ಳದ ದಡದ ಕ್ಯಾಬಿನ್‌ಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಮೊಣಕಾಲು ಊದಿಕೊಂಡಿತು. ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಇನ್ನೂ ಮಂಜು ಕರಗಿರಲಿಲ್ಲ, ದಡದ ತುದಿಯ ಕ್ಯಾಬಿನ್ನಿನ ಚಿಮಣಿಯಲ್ಲಿ ತೆಳುವಾಗಿ ಹೊಗೆ ಕಂಡಿತು. ಮೆಟ್ಟಿಲ ಮೇಲೆ ಹುಡುಗನೊಬ್ಬ ಕಂಬಳಿ ಹೊದ್ದು ಕೂತಿದ್ದ. ತೊಡೆಯ ಮೇಲೆ ಸಲಿಕೆಯ ಮರದ ಕಾವು.

"ಶೆರಿಫ್ ಕಚೇರಿ. ಅದನ್ನ ಕೆಳಗಿಡು. ಕೈ ಕಾಣೋ ಹಾಗೆ ಹಿಡಿ."

ಹುಡುಗ ಕಾವನ್ನು ಸದ್ದಾಗದಂತೆ ಕೆಳಗಿಟ್ಟು, ಎದ್ದು ನೆಟ್ಟಗೆ ನಿಂತ. "ಹೌದು ಮೇಡಂ. ದಯವಿಟ್ಟು ಮೆಲ್ಲಗೆ ಮಾತಾಡಿ. ತಂಗಿ ಮಲಗಿದ್ದಾಳೆ."

"ಕೋಲ್ಬಿ ನೀನೇನಾ? ರಾತ್ರಿಯೆಲ್ಲಾ ಇಲ್ಲೇ ಕೂತಿದ್ಯಾ?"

"ಕಾವಲು ನಂದು ಮೇಡಂ. ಪಾಳಿ ಬದಲಿಸೋಕೆ ಬೇರೆ ಯಾರೂ ಇಲ್ಲ."

ಕೆಂಪೇರಿದ ಕಣ್ಣು, ಬತ್ತಿದ ಕೆನ್ನೆ. ವರ್ನೆಲ್ ಬಂಧಿತನಿಗಿರುವ ಹಕ್ಕುಗಳನ್ನು ಅವನಿಗೆ ಓದಿ ಹೇಳಿದರು. ಟಬ್ಸ್ ಕೋಳ ತೊಡಿಸುವಾಗ ಹುಡುಗ ಒಂದೇ ಪ್ರಶ್ನೆ ಕೇಳಿದ.

"ಅವಳನ್ನ ಎಲ್ಲಿಗೆ ಕಳಿಸ್ತೀರಿ?"

"ಇವತ್ತು ಅಮ್ಮನ ಮನೆಗಲ್ಲ. ಸೋಮವಾರ ಜಡ್ಜ್ ಹೇಳ್ತಾರೆ. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗುತ್ತೆ."

"ಸಾಕು ಮೇಡಂ."

ಜುನಿಯನ್ನು ವರ್ನೆಲ್ ತಾವೇ ಎಬ್ಬಿಸಿದರು. ಮಗುವಿನ ಮುಂಗೈ ಮೇಲೆ ಸಿಗರೇಟಿನಿಂದ ಸುಟ್ಟ ಗುಂಡನೆಯ ಕಲೆಗಳಿದ್ದವು. ಅವುಗಳ ಫೋಟೋ ತೆಗೆಸಿ, ಜುನಿ ಹೇಳಿದ ಮೇರೆಗೆ ತಾಯಿಯ ಜೊತೆಗಿದ್ದ ಗಂಡಸಿನ ಮೇಲೆ ಬೇರೆ ಪ್ರಕರಣ ದಾಖಲಿಸಲು ಹೇಳಿದರು. ಅಣ್ಣನ ಕೈಯ ಕೋಳ ನೋಡಿಯೂ ಜುನಿ ಅಳಲಿಲ್ಲ. ಕಾರಿನ ತನಕ ಬಂದವಳು ಸರಕ್ಕನೆ ತಿರುಗಿ ಒಳಗೋಡಿದಳು. ಹಿಂದೆ ಹೋದ ಟಬ್ಸ್ ಬಾಗಿಲಲ್ಲೇ ನಿಂತುಬಿಟ್ಟ. ಅವಳು ಕುರ್ಚಿ ಹತ್ತಿ ಮೇಲಿನ ಹಾಸಿಗೆ ಸರಿಮಾಡುತ್ತಿದ್ದಳು.

"ಮೂಲೆ, ಜುನಿ!" ಕಾರಿನೊಳಗಿಂದ ಕೋಲ್ಬಿ ಕೂಗಿದ. "ಮೊದಲು ಮೂಲೆ ಸಿಗಿಸು!"

ಅವಳು ಮುಗಿಸುವವರೆಗೂ ಯಾರೂ ಕಾರು ಹೊರಡಿಸಲಿಲ್ಲ.

ಆರೋಪಗಳು: ಬೀಗ ಒಡೆದು ಅತಿಕ್ರಮ ಪ್ರವೇಶ, ಮೂರು ಕಡೆ ಕಳ್ಳತನ, ಅಪ್ರಾಪ್ತೆಯನ್ನು ಅನುಮತಿಯಿಲ್ಲದೆ ಕರೆದೊಯ್ದದ್ದು. ಹೇಳಿಕೆಯಲ್ಲಿ ಹುಡುಗ ಎಲ್ಲವನ್ನೂ ಒಪ್ಪಿಕೊಂಡ. ಕಲೆಗಳನ್ನು ನೋಡಿ ಮಕ್ಕಳ ಕಲ್ಯಾಣ ಕಚೇರಿಗೆ ಎರಡು ಸಲ ಫೋನ್ ಮಾಡಿದೆ, ಯಾರೂ ಬರಲಿಲ್ಲ ಎಂದ. ಕಾಡಿಗೇಕೆ ಕರೆದೊಯ್ದೆ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವನ್ನು ವರ್ನೆಲ್ ಅವನ ಮಾತಿನಲ್ಲೇ ಬರೆದುಕೊಂಡರು: "ಅಕಾಡೆಮೀಲಿ ರಾತ್ರಿಯೆಲ್ಲಾ ಬಾಗಿಲ ಹತ್ರ ಒಬ್ಬರು ಎಚ್ಚರವಾಗಿ ಇರ್ತಿದ್ರು. ಬುದ್ಧಿ ಬಂದಮೇಲೆ ನಾನು ಬೆಳಗಿನ ತನಕ ನಿದ್ದೆ ಮಾಡಿದ್ದು ಅಲ್ಲೇ. ಅವಳಿಗೂ ಅಂಥ ನಿದ್ದೆ ಸಿಗ್ಲಿ ಅಂತ."

ಸಂಜೆ ಆರಕ್ಕೆ ವರ್ನೆಲ್ ಜುನಿಯನ್ನು ಇಂಥ ಮಕ್ಕಳನ್ನು ನೋಡಿಕೊಳ್ಳಲು ಕೌಂಟಿ ಗೊತ್ತುಮಾಡಿದ ಮನೆಗೆ ಬಿಟ್ಟರು. ಅಲ್ಲಿನ ಅಜ್ಜಿ ಒಳ್ಳೆಯವಳೇ, ಬಿಸಿ ಸೂಪು ಕೊಟ್ಟಳು. ಜುನಿ ಚಮಚ ಮುಟ್ಟದೆ ಬಾಗಿಲನ್ನೇ ನೋಡುತ್ತಿದ್ದಳು.

"ರಾತ್ರಿ ಇಲ್ಲಿ ಕಾವಲು ಯಾರದು?"

ವರ್ನೆಲ್‌ರ ಕೆಲಸದ ಅವಧಿ ಮುಗಿದು ಗಂಟೆಯಾಗಿತ್ತು. ಮೊಣಕಾಲು ಮನೆಗೆ ನಡಿ ಎನ್ನುತ್ತಿತ್ತು. ಅವರು ಅಡುಗೆಮನೆಯ ಕುರ್ಚಿಯೊಂದನ್ನು ಎಳೆದು ಬಾಗಿಲ ಪಕ್ಕಕ್ಕೆ ಹಾಕಿಕೊಂಡರು.

"ಇವತ್ತು ನಂದು," ಎಂದರು. "ನೀನು ಸೂಪು ಕುಡಿ."