ರೇಷ್ಮೆಯ ಭುಜ

ಭಾಗೀರಥಿ ಹಾದಿಮನಿ ಬೀಸಿದ ಬ್ಯಾಟಿಗೆ ಸಿಕ್ಕ ಚೆಂಡು ಹುಬ್ಬಳ್ಳಿಯ ಬೇಸ್‌ಬಾಲ್ ಕ್ರೀಡಾಂಗಣದ ಬೇಲಿ ದಾಟಿ ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಆಕೆ ಕೂಡಲೇ ಓಡಲಿಲ್ಲ. ಬಲಗೈಯನ್ನು ಮೆಲ್ಲಗೆ ಕೆಳಗಿಳಿಸಿ, ಭುಜದೊಳಗೆ ನೋವು ಏಳುವುದೇ ಎಂದು ಕಾದಳು. ಏಳಲಿಲ್ಲ. ಆಮೇಲೆ ಓಟ ಶುರುಮಾಡಿದಳು.

ಆಟಗಾರರ ಬೆಂಚಿನ ಹಿಂದೆ ಕುಳಿತಿದ್ದ ಡಾ. ತಬಸ್ಸುಮ್ ಮುಲ್ಲಾ ಮಡಿಲಲ್ಲಿದ್ದ ಪುಟ್ಟ ಪರದೆಯತ್ತ ಬಾಗಿದರು. ಭಾಗೀರಥಿಯ ಭುಜದಲ್ಲಿ ಅವರು ಇರಿಸಿದ್ದ, ಕೂದಲಿಗಿಂತ ಸಣ್ಣ ಸಂವೇದಕವೊಂದು ಅಲ್ಲಿನ ಎಳೆತವನ್ನು ಅಳೆದು ಕಳಿಸುತ್ತಿತ್ತು. ಗೆರೆ ಏರಿತು, ಇಳಿಯಿತು, ಹಸಿರಾಗಿಯೇ ಉಳಿಯಿತು. ೨೦೬೧ನೇ ಇಸವಿಯ ಆ ಮಧ್ಯಾಹ್ನ, ತಮ್ಮ ಅರ್ಧ ಆಯುಷ್ಯದ ಪ್ರಯೋಗ ಊರ ಮಂದಿಯ ಎದುರು ಪಾಸಾದದ್ದನ್ನು ತಬಸ್ಸುಮ್ ಯಾರಿಗೂ ಹೇಳದೆ ಕಣ್ಣೊರೆಸಿಕೊಂಡರು.

ವಿಜಯಪುರ ಮಹಿಳಾ ತಂಡಕ್ಕೆ ಹದಿನೇಳು ವರ್ಷ ಆಡಿದ್ದ ಭಾಗೀರಥಿಗೆ ಗೊತ್ತಿದ್ದುದು ಬಲವಾಗಿ ಬೀಸುವುದೊಂದೇ. ಬೇಸ್‌ಬಾಲಿನಲ್ಲಿ ಮೈದಾನದ ನಾಲ್ಕು ಮೂಲೆ ಸುತ್ತಿ, ಹೊರಟ ಮೂಲೆಯಾದ 'ಮನೆ'ಗೆ ಮರಳಿದರೆ ಒಂದು ಓಟ. ಚೆಂಡನ್ನು ಬೇಲಿಯಾಚೆ ಅಟ್ಟಿದವಳು ಯಾರ ಹಂಗೂ ಇಲ್ಲದೆ ಸುತ್ತಬಹುದು. ಹಂಗಿಲ್ಲದಿರುವುದೇ ಆಕೆಗೆ ಹಿಡಿಸಿತ್ತು. ಹೀಗಿರುವಾಗ, ಎರಡು ವರ್ಷದ ಹಿಂದೆ, ಅಭ್ಯಾಸದ ವೇಳೆ ಭುಜದ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹಗ್ಗದಂಥ ಪಟ್ಟಿ, ಪೂರ್ತಿ ಹರಿಯಿತು. ತಲೆ ಬಾಚಿಕೊಳ್ಳಲೂ ಕೈ ಏಳದಾಯಿತು. ಮೂವತ್ತೇಳರ ಹೆಣ್ಣಿಗೆ ಇನ್ನೆಲ್ಲಿಯ ಆಟ ಎಂದು ಜನ ಮಾತಾಡಿಕೊಂಡರು.

ತಬಸ್ಸುಮ್ ರೇಷ್ಮೆಗೂಡಿನ ಎಳೆಯಿಂದ ಅಂಟು ಕಳೆದು, ಜಡೆಯಂತೆ ಹೆಣೆದು, ಹರಿದ ಜಾಗದಲ್ಲಿ ಕೂರಿಸಿದರು. ಅದರ ಮೇಲೆ ಭಾಗೀರಥಿಯವೇ ಜೀವಕೋಶಗಳನ್ನು ಬಿತ್ತಿದರು.

"ಬಳ್ಳಿಗೆ ಹಂದರ ಹಾಕಿದಂಗ," ಎಂದು ವಿವರಿಸಿದರು. "ನಿಮ್ಮ ರಜ್ಜು ಇದನ್ನ ಹಿಡಕೊಂಡು ಬೆಳೀತದ. ಅದು ಬೆಳೆದಂಗ ರೇಷ್ಮೆ ಕರಗತದ. ಕಡೀಕ ಉಳಿಯೋದು ನಿಮ್ಮ ಮೈನ."

"ಲಗೂನ ಬೆಳೆಯೋಹಂಗ ಔಷಧ ಇಲ್ಲೇನ್ರಿ?"

"ಇಲ್ಲ. ಅವಸರ ಮಾಡಿದ್ರ ಮತ್ತ ಹರೀತದ. ಒಂದು ಹಂಗಾಮು ಪೂರ್ತಿ ಕೂಡಬೇಕು."

ಭಾಗೀರಥಿ ಬೆಂಚಿನ ಮೇಲೆ ಕುಳಿತಳು. ಆಕೆಯ ಜಾಗದಲ್ಲಿ ಸೋನಾಬಾಯಿ ರಾಠೋಡ ಬ್ಯಾಟು ಹಿಡಿದಳು. ಪ್ರತಿ ಪಂದ್ಯದ ಮುಂಚೆ ತಂಡದ ಯಾರಾದರೊಬ್ಬರು ಬಂದು ಭಾಗೀರಥಿಯ ಜಡೆ ಹೆಣೆಯುತ್ತಿದ್ದರು. ಮೊದಮೊದಲು ಆಕೆಗೆ ನಾಚಿಕೆಯಾಗುತ್ತಿತ್ತು; ಆಮೇಲೆ ಅದನ್ನೇ ಕಾಯುವಂತಾಯಿತು. ಹೊರಗೆ ಕುಳಿತ ಮೇಲೆಯೇ ಆಕೆಗೆ ತನ್ನ ತಂಡದ ಆಟ ಕಂಡದ್ದು. ಸೋನಾಬಾಯಿ ಎಷ್ಟೋ ಸಲ ಚೆಂಡಿಗೆ ಬ್ಯಾಟನ್ನು ಸುಮ್ಮನೆ ಒಡ್ಡಿ, ಅದು ಕಾಲ ಬಳಿಯೇ ಉರುಳುವಂತೆ ಮಾಡುತ್ತಿದ್ದಳು. ಎದುರಾಳಿಗಳು ಅದನ್ನು ಹೆಕ್ಕಿ ಇವಳನ್ನು ಔಟು ಮಾಡುವಷ್ಟರಲ್ಲಿ ಜೊತೆಗಾರ್ತಿ ಒಂದು ಮೂಲೆ ಮುಂದೆ ಹೋಗಿರುತ್ತಿದ್ದಳು. ಅಂಥ ಆಟಕ್ಕೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಈಗ, ಹುಬ್ಬಳ್ಳಿಯ ಅದೇ ಮಧ್ಯಾಹ್ನ, ಫೈನಲಿನ ಕೊನೆಯ ಸರದಿ. ಓಟಗಳು ಸಮಸಮ; ಈ ಸರದಿಯಲ್ಲಿ ವಿಜಯಪುರದವರು ಇನ್ನೂ ಒಬ್ಬರೇ ಔಟಾಗಿದ್ದರು. ಸೋನಾಬಾಯಿ ಮೂರನೆಯ ಮೂಲೆಯಲ್ಲಿ ನಿಂತಿದ್ದಳು, ಮನೆ ಮುಟ್ಟಲು ಒಂದೇ ದೌಡು. ಭಾಗೀರಥಿ ಬ್ಯಾಟು ಹಿಡಿದು ಬಂದದ್ದೇ ಎದುರಾಳಿಗಳೆಲ್ಲ ದೂರದ ಹೊಡೆತಕ್ಕೆ ಸಜ್ಜಾಗಿ ಹಿಂದೆ ಸರಿದರು. ಆಕೆ ಬಿಡುವು ಕೇಳಿ ಸೋನಾಬಾಯಿಯ ಹತ್ತಿರ ನಡೆದಳು.

"ಬ್ಯಾಟಿಗೆ ತಾಗಿ ಚೆಂಡು ನೆಲಕ್ಕ ಬಿದ್ದ ಕೂಡ್ಲೆ ಓಡು."

"ಬೇಡ ಅಕ್ಕಾ, ನೀ ಔಟಾಗ್ತಿ."

"ಆಗಲಿ. ನಾ ಕೂತಾಗ ನೀ ಎಷ್ಟು ಸಲ ಆಗಿಲ್ಲ?"

ಚೆಂಡು ಬಂತು. ಭಾಗೀರಥಿ ಬೀಸಲಿಲ್ಲ; ಮಗುವಿಗೆ ಅಂಗೈ ಒಡ್ಡುವಂತೆ ಬ್ಯಾಟು ಒಡ್ಡಿದಳು. ಚೆಂಡು ಹುಲ್ಲಿನಲ್ಲಿ ಉರುಳಿ ನಿಂತಿತು. ದೂರ ನಿಂತವರು ಓಡಿಬಂದು ಅದನ್ನೆತ್ತಿ ಆಕೆಯನ್ನು ಔಟು ಮಾಡಿದರು. ಅಷ್ಟರಲ್ಲಿ ಸೋನಾಬಾಯಿ ಧೂಳೆಬ್ಬಿಸುತ್ತ ಜಾರಿ ಮನೆ ಮುಟ್ಟಿದ್ದಳು. ವಿಜಯಪುರ ಗೆದ್ದಿತ್ತು. ಹದಿನೇಳು ವರ್ಷದಲ್ಲಿ ಮೊದಲ ಸಲ, ಔಟಾದ ಭಾಗೀರಥಿಯನ್ನು ತಂಡ ಹೆಗಲ ಮೇಲೆ ಹೊತ್ತಿತು.

"ಭುಜ ಗಟ್ಟಿ ಇತ್ತಲ್ಲ, ಹೊಡೀಬಹುದಿತ್ತು," ಎಂದರು ತಬಸ್ಸುಮ್.

"ಗಟ್ಟಿ ಇದ್ದದ್ದಕ್ಕನ ಹಂಗ ಆಡಿದೆ ಡಾಕ್ಟರ. ಸೋತ ಕೈಲೆ ಆಡಿದ್ರ ಅದು ಲಾಚಾರಿ ಆಗ್ತಿತ್ತು."

ಮುಂದಿನ ವರ್ಷಗಳಲ್ಲಿ ರೇಷ್ಮೆಯ ರಜ್ಜು ಗೌಂಡಿಗಳಿಗೆ, ಅಗಸರಿಗೆ, ಹಮಾಲರಿಗೆ ಸಿಕ್ಕಿತು. ಕೈ ಎತ್ತಲಾಗದೆ ಕುಳಿತವರು ಮತ್ತೆ ಕೆಲಸಕ್ಕೆ ಬಂದರು. ಹಮಾಲರು ಹೊರುವ ಚೀಲದ ತೂಕ ಇಳಿಸುವ ಬಗ್ಗೆ ವಿಜಯಪುರದ ಮಾರುಕಟ್ಟೆಯಲ್ಲಿ ಸಭೆ ಸೇರಿದಾಗ ವರ್ತಕರೊಬ್ಬರು ಎದ್ದು, "ಹೊಸಾ ಭುಜ ಬೆಳಸಲಿಕ್ಕೆ ಬರತದಂದ ಮ್ಯಾಲೆ ಚೀಲದ ತೂಕ ಯಾಕ ಇಳಸಬೇಕ್ರಿ?" ಎಂದು ಕೇಳಿದರು. ತಬಸ್ಸುಮ್ ಪೆಚ್ಚಾದರು. ತಮ್ಮ ಶೋಧಕ್ಕೆ ಇಂಥ ಅರ್ಥವೂ ಇದೆಯೆಂದು ಅವರಿಗೆ ಹೊಳೆದಿರಲಿಲ್ಲ.

ಪಕ್ಕದಲ್ಲಿದ್ದ ಭಾಗೀರಥಿ ಎದ್ದಳು. "ನಾ ಒಂದು ಹಂಗಾಮು ಕೂತೆ ಅಣ್ಣಾರ. ನನ್ನ ಪಗಾರ ನಿಲ್ಲಲಿಲ್ಲ. ನನ್ನ ಪಾಲಿನ ಆಟ ಉಳಿದವರು ಆಡಿದ್ರು. ಈ ಹಮಾಲರು ಕೂತಾಗ ಇವರ ಪಾಲಿನ ಚೀಲ ಯಾರು ಹೊರತೀರಿ?"

ಸಂಜೆಯತನಕ ವಾದ ನಡೆಯಿತು. ಕೊನೆಗೆ ನಿಯಮವಾಯಿತು: ಚೀಲದ ತೂಕ ಅರ್ಧ, ಪೆಟ್ಟಾದವರಿಗೆ ಪಗಾರದೊಂದಿಗೆ ಬಿಡುವು. ಹಮಾಲರು ಭಾಗೀರಥಿಗೆ ಹಾರ ಹಾಕಿದರು. ಅಚ್ಚರಿಯೆಂದರೆ, ಕೆಲ ವರ್ಷಗಳಲ್ಲಿ ಆ ಮಾರುಕಟ್ಟೆಯಲ್ಲಿ ರೇಷ್ಮೆಯ ರಜ್ಜು ಬೇಕಾದವರೇ ಅಪರೂಪವಾದರು. ಆ ನಿಯಮ ಬರೆಯಲು ಯಾವ ಹೊಸ ವಿಜ್ಞಾನವೂ ಬೇಕಿರಲಿಲ್ಲ. ರೇಷ್ಮೆಯ ಭುಜವನ್ನು ಯಾರೂ ಕನಸಿನಲ್ಲಿಯೂ ಕಾಣದಿದ್ದ ಕಾಲದಲ್ಲೇ ಅದನ್ನು ಬರೆಯಬಹುದಿತ್ತು.